ಗೋಡೆ ಮರೆತ ನಕ್ಷೆ

ಫೆಬ್ರವರಿ 6, ಗುರುವಾರ

ಬಣ್ಣದ ಕಂಪನಿಯವರು ವರ್ಷವರ್ಷ ಕೊಡುವ ಡೈರಿಯನ್ನು ಇಷ್ಟು ದಿನ ಪೊಟ್ಟಣ ಕಟ್ಟಲು ಬಳಸುತ್ತಿದ್ದೆ. ದಪ್ಪ ಹಾಳೆ, ಮೊಳೆ ಚುಚ್ಚಿದರೂ ಹರಿಯುವುದಿಲ್ಲ. ಈ ಸಲದ ಜನವರಿ ಪೂರ್ತಿ ಹಾಗೇ ಗಿರಾಕಿಗಳ ಮನೆ ಸೇರಿತು. ಇವತ್ತಿನಿಂದ ಮಾತ್ರ ಬರೆಯುತ್ತೇನೆ. ಇವತ್ತಿನಿಂದ ನಾನು ಸಮಿತಿಯ ಸದಸ್ಯ. ಯಾರು ಏನು ಅಂದರು, ಯಾರು ಅಂದಿದ್ದನ್ನು ಮರುವಾರ ನುಂಗಿದರು ಎಂಬುದಕ್ಕೆ ನನ್ನ ಕೈಯಲ್ಲೊಂದು ದಾಖಲೆ ಇರಲಿ.

ವಿಷಯ ಇಷ್ಟೇ. ಊರು ಬೆಳೆದಿದೆ. ಹೋದ ವರ್ಷದ ಅಂಗಿಯನ್ನು ಹುಡುಗನಿಗೆ ತೊಡಿಸಿದ ಹಾಗಾಗಿದೆ, ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ. ನಮ್ಮ ಅಂಗಡಿ ಮುಂದಿನ ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ನಿಂತರೆ ಇನ್ನೊಂದು ಅದರ ಬೆನ್ನಿಗೆ ಅಂಟಿಕೊಂಡು ಹಾರನ್ ಹೊಡೆಯುತ್ತದೆ. ಪರಿಚಯದವರು ಸಿಕ್ಕರೆ ನಡುರಸ್ತೆಯಲ್ಲೇ ನಿಂತು ಮಾತಾಡಬೇಕು. ಅದಕ್ಕೇ ಪುರಸಭೆಯವರು ಊರಿಗೊಂದು ಹೊಸ ಚೌಕ ಮಾಡಲು ಹೊರಟಿದ್ದಾರೆ. ನಡುವೆ ಬಯಲು, ಸುತ್ತ ಅಂಗಡಿ, ವಾಚನಾಲಯ, ಮಕ್ಕಳಿಗೆ ಜಾರುಬಂಡೆ, ನೆರಳು, ಕುಡಿಯುವ ನೀರು. ಜಾಗ ಎರಡು ನೋಡಿಟ್ಟಿದ್ದಾರೆ. ಒಂದು, ನಮ್ಮ ಅಂಗಡಿಯ ಹಿಂದಿರುವ ಹಳೆಯ ಇಟ್ಟಿಗೆ ಬಯಲು. ಇನ್ನೊಂದು, ಸೇತುವೆ ದಾಟಿದ ಮೇಲಿನ ಜಾಗ. ಇಟ್ಟಿಗೆ ಬಯಲಿಗೆ ಬಂದರೆ ನನ್ನ ಹಾರ್ಡ್‌ವೇರ್ ಅಂಗಡಿ ಊರಿನ ಹೊಕ್ಕುಳ. ಸೇತುವೆಯಾಚೆ ಹೋದರೆ ನನ್ನ ಬೀಗವನ್ನು ನಾನೇ ಕೊಂಡು ನನ್ನ ಅಂಗಡಿಗೆ ಹಾಕಿಕೊಳ್ಳಬೇಕು.

ಅಧ್ಯಕ್ಷರು ಮೊದಲು ಬಸ್ ಕಂಡಕ್ಟರಾಗಿದ್ದವರು. ಬಾಯಿ ಇರುವವನೊಬ್ಬ ಬೇಕು ಅಂತ ನನ್ನನ್ನು ಹಾಕಿಕೊಂಡರು. ಸಂತೋಷ. ಆದರೆ ಅಂಗಡಿಗೊಂದು ಸ್ಥಾನ ಎಂಬ ನಿಯಮ ಮಾಡಿ ಗೋಡೆಯಾಚೆಯವನನ್ನೂ ಹಾಕಿಕೊಂಡಿದ್ದಾರೆ.

ಗೋಡೆಯಾಚೆಯವನು ಎಂದರೆ ನನ್ನ ಬೆನ್ನಿಗೆ ಹುಟ್ಟಿದವನು. ಒಂದೇ ಕಟ್ಟಡ, ನಡುವೆ ಉದ್ದಕ್ಕೂ ಇಟ್ಟಿಗೆ ಗೋಡೆ, ಈ ಕಡೆ ನನ್ನ ಮೊಳೆ, ಆ ಕಡೆ ಅವನ ಚಪ್ಪಲಿ. ಊರಿನವರು ನನ್ನನ್ನು ಮೊಳೆ ಯಜಮಾನ್ರು, ಅವನನ್ನು ಮೆಟ್ಟಿನ ಯಜಮಾನ್ರು ಅನ್ನುತ್ತಾರೆ. ಹನ್ನೆರಡು ವರ್ಷದಿಂದ ನಮಗೆ ಮಾತಿಲ್ಲ. ನಮ್ಮ ಹೆಂಡಂದಿರು ಮಾತಾಡಿಕೊಳ್ಳುತ್ತಾರೆ, ನಮ್ಮ ಪಾಲಿನದನ್ನೂ ಸೇರಿಸಿ.

ಫೆಬ್ರವರಿ 9, ಭಾನುವಾರ

ಮೊದಲ ಸಭೆ. ನಕ್ಷೆ ಮಾಡಲು ಬೇರೆ ಊರಿಂದ ಒಬ್ಬ ಮೇಡಂ ಬಂದಿದ್ದಾರೆ. ಚಿಕ್ಕ ವಯಸ್ಸು, ದೊಡ್ಡ ಕನ್ನಡಕ, ಎಲ್ಲರ ಮಾತಿಗೂ ತಲೆಯಾಡಿಸುವ ಅಭ್ಯಾಸ. ಚೌಕ ಎಷ್ಟು ಹತ್ತಿರ ಇರಬೇಕು ಎಂದು ಕೇಳಿದರು. ಬೇಕರಿಯವನು ನಡೆದು ಹೋಗುವಷ್ಟು ಅಂದ. ಎಲ್ಲಿಂದ ಎಂದರೆ, ಬೇಕರಿಯಿಂದ. ಔಷಧದಂಗಡಿಯವರೂ ನಡೆದು ಹೋಗುವಷ್ಟೇ ಅಂದರು, ಔಷಧದಂಗಡಿಯಿಂದ. ಎಲ್ಲರ ಮಾತನ್ನೂ ಸೇರಿಸಿದರೆ ಚೌಕಕ್ಕೆ ಗಾಲಿ ಹಾಕಿಸಿ ದಿನಕ್ಕೊಂದು ಬಾಗಿಲಿಗೆ ನಿಲ್ಲಿಸಬೇಕಾಗುತ್ತದೆ. ಅಧ್ಯಕ್ಷರು ಹಳೆಯ ಅಭ್ಯಾಸ ಬಿಡದೆ ಪ್ರತಿ ಐದು ನಿಮಿಷಕ್ಕೊಮ್ಮೆ "ಮುಂದೆ ಹೋಗಿ, ಮುಂದೆ ಹೋಗಿ" ಅನ್ನುತ್ತಿದ್ದರು.

ನಾನು ಎದ್ದು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಇಟ್ಟಿಗೆ ಬಯಲಿನ ಗಾಳಿ, ನೆಲದ ಗಟ್ಟಿತನ, ಅಲ್ಲಿಂದ ಕಾಣುವ ಆಕಾಶ, ಎಲ್ಲವನ್ನೂ ಬಣ್ಣಿಸಿದೆ. ಆಕಾಶ ಸೇತುವೆಯಾಚೆಯಿಂದಲೂ ಕಾಣುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಮೇಡಂ ಬೆಂಚಿನ ಮಾತೆತ್ತಿದರು. ಚೌಕದ ಸುತ್ತ ಬೆಂಚು ಹಾಕುವುದಂತೆ, ಯಾರು ಬೇಕಾದರೂ ಕೂರಬಹುದಂತೆ. ನಾನು ತಕ್ಷಣ ಆಕ್ಷೇಪಿಸಿದೆ. ಬೆಂಚು ಎಂದರೆ ನನಗೆ ಮೈಯೆಲ್ಲ ಉರಿ. ಗೋಡೆ ಎದ್ದದ್ದೇ ಬೆಂಚಿನಿಂದ. ನಾವಿಬ್ಬರೂ ತಳ್ಳುಗಾಡಿಯಲ್ಲಿ ಬಕೆಟ್ಟು, ಚಪ್ಪಲಿ ಮಾರಿ ಮೇಲೆ ಬಂದವರು. ನಾನು ಕೂಗುತ್ತಿದ್ದೆ, ಅವನು ತಳ್ಳುತ್ತಿದ್ದ. ಅಂಗಡಿ ಕಟ್ಟಿ ಇನ್ನು ತಳ್ಳುವ ಕೆಲಸ ಇಲ್ಲ ಎಂದಾದ ಮೇಲೆ ಅವನು ಬಾಗಿಲ ಮುಂದೆ ಒಂದು ಬೆಂಚು ಹಾಕಿಸಿದ. ಬಸ್ಸಿಗೆ ಕಾಯುವವರು, ಬಸ್ಸು ತಪ್ಪಿದವರು, ಬಸ್ಸೇ ಬೇಡದವರು, ಎಲ್ಲರೂ ಬಂದು ಕೂತರು. ಕೂತವರು ಏನಾದರೂ ಕೊಂಡರೇ? ಬಾಗಿಲು ಮುಚ್ಚುವ ಹಾಗೆ ಕೂತರು, ಅಷ್ಟೆ. ತೆಗೆಸು ಅಂದೆ. ತೆಗೆಸುವುದಿಲ್ಲ ಅಂದ. ಮಾತಿಗೆ ಮಾತು ಬೆಳೆದು ಗೋಡೆಯಾಯಿತು. ಎಲ್ಲವೂ ಸಮಪಾಲು ಎಂದು ಬೆಂಚನ್ನೂ ಬಡಗಿಯ ಕೈಲಿ ಸರಿಯಾಗಿ ನಡುವೆ ಕೊಯ್ಯಿಸಿದೆವು. ಅರ್ಧ ಬೆಂಚಿಗೆ ಎರಡೇ ಕಾಲು, ತಾನಾಗಿ ನಿಲ್ಲುವುದಿಲ್ಲ. ನನ್ನ ಅರ್ಧವನ್ನು ಗೋಡೆಗೆ ಒರಗಿಸಿ ಮೇಲೆ ಬಣ್ಣದ ಡಬ್ಬ ಇಟ್ಟಿದ್ದೇನೆ. ಅವನ ಅರ್ಧವೂ ಅದೇ ಗೋಡೆಗೆ ಆ ಕಡೆಯಿಂದ ಒರಗಿದೆ, ಮೇಲೆ ಚಪ್ಪಲಿ ಪೆಟ್ಟಿಗೆ ಇದೆ ಎಂದು ನನ್ನಾಕೆ ಹೇಳುತ್ತಾಳೆ. ನಾನು ಕೇಳಿರಲಿಲ್ಲ.

ಸಭೆಯಲ್ಲಿ ಅವನು ಕೈಯೆತ್ತಿ, ಛಾವಣಿಯ ಫ್ಯಾನಿಗೆ ಹೇಳುವವನ ಹಾಗೆ, ಕೂರುವುದಕ್ಕೆ ಜಾಗ ಇಲ್ಲದ ಚೌಕ ಬರೀ ಅಗಲವಾದ ರಸ್ತೆ ಅಂದ. ನಾನೂ ಅದೇ ಫ್ಯಾನಿಗೆ ಉತ್ತರ ಕೊಟ್ಟೆ. ಮೇಡಂ ಎದ್ದು ಫ್ಯಾನಿನ ವೇಗ ಕಡಿಮೆ ಮಾಡಿದರು. ಅದರ ಬಗ್ಗೆಯೇ ದೂರು ಅಂದುಕೊಂಡರೋ ಏನೋ.

ಫೆಬ್ರವರಿ 16, ಭಾನುವಾರ

ಇವತ್ತು ಮೇಡಂ ಎಲ್ಲರಿಗೂ ಒಂದೊಂದು ದೊಡ್ಡ ಹಾಳೆ, ಪೆನ್ಸಿಲ್ ಕೊಟ್ಟು, ನಿಮ್ಮ ಊರನ್ನು ನೆನಪಿನಿಂದ ಬರೆಯಿರಿ ಅಂದರು. ಜನ ನಿಜವಾಗಿ ಹೇಗೆ ನಡೆಯುತ್ತಾರೆ ಎಂಬುದು ಅಳತೆ ಪಟ್ಟಿಗಿಂತ ನೆನಪಿನಲ್ಲಿ ಚೆನ್ನಾಗಿ ಸಿಗುತ್ತದಂತೆ. ಸಮಿತಿಯವರೆಲ್ಲ ನಾಲಿಗೆ ಹೊರಗೆ ಹಾಕಿಕೊಂಡು ಬರೆಯುವುದನ್ನು ನೋಡಬೇಕಿತ್ತು. ಬೇಕರಿಯವನ ಊರಿನಲ್ಲಿ ಬೇಕರಿ ಪುರಸಭೆಗಿಂತ ದೊಡ್ಡದು, ಹೊಗೆಕೊಳವೆಗೆ ಬೇರೆ ನೆರಳು ಬಿಡಿಸಿದ್ದ. ಅಧ್ಯಕ್ಷರು ಬಸ್ಸಿನ ದಾರಿಯನ್ನಷ್ಟೇ ಬರೆದು ನಿಲ್ದಾಣಗಳಿಗೆ ಚುಕ್ಕಿ ಇಟ್ಟಿದ್ದರು.

ನನ್ನದು ಅಚ್ಚುಕಟ್ಟಾಗಿತ್ತು. ಬಸ್ ನಿಲ್ದಾಣ, ಅದರ ಎದುರು ನನ್ನ ಅಂಗಡಿ, ಅಗಲವಾದ ಬಾಗಿಲು, ಹಿಂದೆ ಇಟ್ಟಿಗೆ ಬಯಲಿಗೆ ತೆರೆಯುವ ಇನ್ನೊಂದು ಬಾಗಿಲು. ಕೊಟ್ಟು ಹೊರಗೆ ಬಂದ ಮೇಲೆ ನೆನಪಾಯಿತು, ಗೋಡೆ ಬರೆದಿರಲಿಲ್ಲ. ಇಡೀ ಕಟ್ಟಡವನ್ನು ಮೊದಲಿದ್ದ ಹಾಗೆ ಒಂದೇ ಅಂಗಡಿಯಾಗಿ ಬರೆದುಬಿಟ್ಟಿದ್ದೆ. ಆ ಸಣ್ಣ ಹಾಳೆಯಲ್ಲಿ ಗೋಡೆಗೆಲ್ಲಿ ಜಾಗ. ಹೋಗಿ ತಿದ್ದುವಷ್ಟು ದೊಡ್ಡ ವಿಷಯವೇನಲ್ಲ.

ಫೆಬ್ರವರಿ 27, ಗುರುವಾರ

ನಕ್ಷೆ ಹೊರಗೆ ಬಂತು. ಇಟ್ಟಿಗೆ ಬಯಲೇ ಗೆದ್ದಿತು. ಪುರಸಭೆಯ ಸಭಾಂಗಣದ ಗೋಡೆಗೆ ಅಂಟಿಸಿದ್ದನ್ನು ನೋಡಿ ನನಗೆ ನಿಂತಲ್ಲಿ ಕಾಲು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಬೇಕರಿಯವನ ಬೆನ್ನು ತಟ್ಟಿದೆ, ಅವನ ಕೈಯಲ್ಲಿದ್ದ ಚಹಾ ಚೆಲ್ಲಿತು, ಇಬ್ಬರೂ ನಕ್ಕೆವು. ಹಸಿರು ಬಣ್ಣದ ಮರಗಳು, ಚೌಕಾಕಾರದ ಬಯಲು, ಸಣ್ಣ ಸಣ್ಣ ಜನ. ಬಸ್ ನಿಲ್ದಾಣದಿಂದ ಚೌಕಕ್ಕೆ ಒಂದು ಅಗಲವಾದ ಕೆಂಪು ದಾರಿ. ಆ ದಾರಿಯ ಮೇಲೆ ಬೆರಳಿಟ್ಟುಕೊಂಡು ಹೋದೆ. ಬೆರಳು ನನ್ನ ಅಂಗಡಿಯ ಮುಂದೆ ನಿಲ್ಲಲಿಲ್ಲ, ಒಳಗೆ ಹೊಕ್ಕು ಹಿಂದೆ ಹೊರಟಿತು.

ದಾರಿ ಇರುವುದು ಸರಿಯಾಗಿ ನಮ್ಮ ಗೋಡೆಯ ಮೇಲೆ.

ಮೇಡಂ ಅವರನ್ನು ಹಿಡಿದು ಕೇಳಿದೆ. ಅವರು ಎರಡು ಹಾಳೆ ತಂದು ಮೇಜಿನ ಮೇಲೆ ಹಾಸಿದರು. ಒಂದು ನನ್ನದು. ಇನ್ನೊಂದು ಗೋಡೆಯಾಚೆಯವನದು.

"ಇಬ್ಬರೂ ಒಂದೇ ಥರ ಬರ್ದಿದ್ರಿ ಸರ್. ಒಂದೇ ದೊಡ್ಡ ಬಾಗಿಲು, ಒಳಗೆ ಉದ್ದಕ್ಕೂ ಖಾಲಿ, ಹಿಂದುಗಡೆ ಇನ್ನೊಂದು ಬಾಗಿಲು. ಹೊರಗಿಂದ ನೋಡಿದ್ರೂ ಒಂದೇ ಸೂರು. ಒಂದೇ ಅಂಗಡಿ, ಎರಡು ಬೋರ್ಡು ಅಂದ್ಕೊಂಡೆ. ಗೋಡೆ ಇದೆ ಅಂತ ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲವಲ್ಲ."

ಅವನ ಹಾಳೆಯನ್ನು ನೋಡಿದೆ. ಅವನಿಗೂ ಗೋಡೆ ಮರೆತಿದೆ. ಬಾಗಿಲ ಮುಂದೆ ಒಂದು ಬೆಂಚು ಮಾತ್ರ ಮರೆಯದೆ ಬರೆದಿದ್ದಾನೆ, ಪೂರ್ತಿ ಬೆಂಚು, ನಾಲ್ಕು ಕಾಲಿನದು.

ಲೆಕ್ಕ ಹೀಗಿದೆ. ದಾರಿಗೆ ಇಬ್ಬರಿಂದಲೂ ಸಮ ಸಮ ಜಾಗ ಹೋಗುತ್ತದೆ. ಅದಕ್ಕೆ ಬದಲಾಗಿ ಹಿಂದೆ ಚೌಕದ ಕಡೆ ಅಷ್ಟೇ ಜಾಗ ಸಿಗುತ್ತದೆ, ಚೌಕಕ್ಕೆ ಮುಖ ಮಾಡಿ ಇನ್ನೊಂದು ಷಟರ್ ಹಾಕಿಸಬಹುದು. ವ್ಯಾಪಾರಸ್ಥನಾಗಿ ನೋಡಿದರೆ ಬೇಡ ಅನ್ನುವವನು ಹುಚ್ಚ. ಆದರೆ ಗೋಡೆ ಹೋಗುತ್ತದೆ. ದಾರಿಯ ಈ ಪಕ್ಕ ನಾನು, ಆ ಪಕ್ಕ ಅವನು, ಬೆಳಗಿನಿಂದ ಸಂಜೆವರೆಗೆ ಎದುರುಬದುರು. ಅವನು ಸೀನಿದರೆ ನನಗೆ ಕಾಣುತ್ತದೆ. ಈ ಖರ್ಚನ್ನು ಯಾವ ಕಾಲಂನಲ್ಲಿ ಬರೆಯುವುದು?

ಮಾರ್ಚ್ 14ರೊಳಗೆ ಆಕ್ಷೇಪಣೆ ಕೊಡಬಹುದು. ನಮ್ಮಿಬ್ಬರಲ್ಲಿ ಒಬ್ಬರು ಕೊಟ್ಟರೂ ಸಾಕು, ದಾರಿ ಬಿತ್ತು. ಬೇರೆ ದಾರಿ ಎಂದರೆ ಗೋದಾಮುಗಳ ಹಿಂದೆ ಸುತ್ತಿಕೊಂಡು ಬರುವ ಓಣಿ. ಚೀಲ ಹಿಡಿದು ಬಸ್ಸಿಳಿದವರು ಯಾರೂ ಅಷ್ಟು ನಡೆಯುವುದಿಲ್ಲ. ಹಾಗಾದರೆ ಚೌಕ ಸೇತುವೆಯಾಚೆಗೇ ಹೋಗುತ್ತದೆ ಎಂದು ಅಧ್ಯಕ್ಷರು ಎಲ್ಲರ ಎದುರು ಹೇಳಿದರು.

ಮಾರ್ಚ್ 3, ಸೋಮವಾರ

ಉಪಾಯ ಹೊಳೆದಿದೆ. ಹೊಳೆದಾಗಿನಿಂದ ತಕ್ಕಡಿಯ ಹಿಂದೆ ಕೂತು ಒಬ್ಬನೇ ನಗುತ್ತಿದ್ದೇನೆ. ನಾನು ಆಕ್ಷೇಪಣೆ ಕೊಡಬೇಕಾಗಿಯೇ ಇಲ್ಲ. ಗೋಡೆಯಾಚೆಯವನು ಕೊಟ್ಟೇ ಕೊಡುತ್ತಾನೆ. ಅವನ ಹಟ ನನಗೆ ಗೊತ್ತಿಲ್ಲವೇ. ಅವನು ಕೊಟ್ಟರೆ ಗೋಡೆ ಉಳಿಯುತ್ತದೆ, ಚೌಕ ಕೆಡಿಸಿದವನು ಎಂಬ ಹೆಸರು ಅವನಿಗೆ ಬರುತ್ತದೆ. ನಾನು ಊರಿನ ಮುಂದೆ, ನನ್ನದೇನೂ ಅಡ್ಡಿಯಿರಲಿಲ್ಲವಪ್ಪ ಎಂದು ಕೈಚೆಲ್ಲಿ ನಿಲ್ಲಬಹುದು.

ನನ್ನಾಕೆಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಆಚೆ ಮನೆಯಲ್ಲೂ ನಿನ್ನೆಯಿಂದ ಇದೇ ಉಪಾಯವಂತೆ, ಇದೇ ಮಾತಂತೆ, ಅವರೂ ಒಬ್ಬರೇ ನಗುತ್ತಿದ್ದಾರಂತೆ.

ಕೇಳಿ ಸ್ವಲ್ಪ ಬೇಸರವಾಯಿತು. ನನ್ನ ಉಪಾಯ ನನ್ನೊಬ್ಬನದೇ ಆಗಿದ್ದರೆ ಚೆನ್ನಾಗಿತ್ತು.

ಮಾರ್ಚ್ 8, ಶನಿವಾರ

ಇನ್ನೂ ಕೊಟ್ಟಿಲ್ಲ ಅವನು. ಪುರಸಭೆಯ ಗುಮಾಸ್ತ ಬೀಗ ಕೊಳ್ಳಲು ಬಂದಿದ್ದ, ಉಪಾಯವಾಗಿ ಕೇಳಿದೆ.

ಮಾರ್ಚ್ 11, ಮಂಗಳವಾರ

ಇಲ್ಲ. ಅದೇ ಗುಮಾಸ್ತನಿಗೆ ಇವತ್ತು ಅವನು ಚಪ್ಪಲಿ ತೋರಿಸುತ್ತಿದ್ದುದು ಗೋಡೆಯಾಚೆಯಿಂದ ಕೇಳಿಸಿತು. ಅವನೂ ಉಪಾಯವಾಗಿಯೇ ಕೇಳುತ್ತಿದ್ದ. ಗುಮಾಸ್ತನಿಗೆ ಈ ತಿಂಗಳು ಬೀಗವೂ ಆಯಿತು, ಚಪ್ಪಲಿಯೂ ಆಯಿತು.

ಮಾರ್ಚ್ 14, ಶುಕ್ರವಾರ

ಬರೆಯಲು ಕೂತರೆ ನಗು ಬರುತ್ತದೆ, ಯಾಕೆಂದು ಗೊತ್ತಿಲ್ಲ. ನಗುವಂಥದ್ದು ಏನೂ ಆಗಿಲ್ಲ.

ಕೊನೆಯ ದಿನವಾದ್ದರಿಂದ, ಅವನು ಕೊಡುವುದನ್ನು ಕಣ್ಣಾರೆ ನೋಡೋಣವೆಂದು ಮಧ್ಯಾಹ್ನ ಪುರಸಭೆಗೆ ಹೋದೆ. ಎಚ್ಚರಿಕೆಗಿರಲಿ ಎಂದು ನನ್ನದೂ ಒಂದು ಆಕ್ಷೇಪಣೆ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ವರಾಂಡದ ಆ ತುದಿಯ ಕುರ್ಚಿಯಲ್ಲಿ ಅವನು ಕೂತಿದ್ದ. ಅವನ ಜೇಬಿನಿಂದಲೂ ಮಡಚಿದ ಕಾಗದದ ಮೂಲೆ ಇಣುಕುತ್ತಿತ್ತು. ನಾನು ಈ ತುದಿಯಲ್ಲಿ ಕೂತೆ.

ಗುಮಾಸ್ತ ಬಂದು ಏನು ಬಂದಿರಿ ಎಂದು ಕೇಳಿದ. ಇಲ್ಲಿಯ ನಲ್ಲಿ ಸೋರುತ್ತದಂತೆ, ನೋಡೋಣ ಅಂತ ಬಂದೆ ಎಂದೆ. ಯಾವ ನಲ್ಲಿ ಎಂದ. ಎಲ್ಲ ನಲ್ಲಿ ಎಂದೆ. ಗುಮಾಸ್ತ ಆ ತುದಿಗೆ ಹೋಗಿ ಅವನನ್ನು ಕೇಳಿದರೆ, ಗುಮಾಸ್ತನ ಹೊಸ ಚಪ್ಪಲಿ ಕಚ್ಚುತ್ತದೋ ಏನೋ ವಿಚಾರಿಸಲು ಬಂದೆ ಎಂದನಂತೆ. ಗಿರಾಕಿಯ ಕಾಲಿನ ಮೇಲೆ ಇಷ್ಟು ಕಾಳಜಿ ಇರುವ ಅಂಗಡಿಯವನನ್ನು ಪ್ರಪಂಚ ಕಂಡಿಲ್ಲ.

ಗಂಟೆ ನಾಲ್ಕಾಯಿತು. ಅವನು ಎದ್ದ. ನಾನೂ ಎದ್ದೆ. ಅವನು ನೀರು ಕುಡಿದು ಬಂದು ಕೂತ. ನಾನೂ ಕುಡಿದು ಬಂದು ಕೂತೆ. ನಾಲ್ಕೂವರೆಗೆ ಗುಮಾಸ್ತ ನಡುವೆ ನಿಂತು, "ಆಕ್ಷೇಪಣೆ ಏನಾದ್ರೂ ಇದ್ರೆ ಕೊಡಿ, ಕಿಟಕಿ ಹಾಕ್ತೀನಿ" ಅಂದ. ನಾನು ಆ ತುದಿಯವನನ್ನು ನೋಡಿದೆ. ಅವನು ನನ್ನನ್ನು ನೋಡಿದ. ಅವನ ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ. ಗೋಡೆಯ ಈ ಕಡೆಯಿಂದ ಅದು ಗೊತ್ತಾಗುವುದಿಲ್ಲ.

ಗುಮಾಸ್ತ ಕಿಟಕಿ ಹಾಕಿದ. ನಾನು ಮಾರಿದ್ದ ಬೀಗವೇ, ಕಟಕ್ ಅಂತ ಚೆನ್ನಾಗಿ ಬಿತ್ತು.

ಇಬ್ಬರೂ ಒಂದೇ ರಸ್ತೆಯಲ್ಲಿ ವಾಪಸು ಬಂದೆವು, ನಾನು ಎಡಪಕ್ಕ, ಅವನು ಬಲಪಕ್ಕ. ಆಕ್ಷೇಪಣೆಯ ಕಾಗದ ದಪ್ಪಗಿತ್ತು. ಸಂಜೆ ಬಂದ ಗಿರಾಕಿಗೆ ಅದರಲ್ಲೇ ತಿರುಪು ಕಟ್ಟಿಕೊಟ್ಟೆ.

ಮಾರ್ಚ್ 23, ಭಾನುವಾರ

ಇವತ್ತಿನ ದಿನವನ್ನು ಎಲ್ಲಿಂದ ಶುರು ಮಾಡಲಿ. ಕಾಲು ನೋಯುತ್ತಿದೆ, ಗಂಟಲು ಕಟ್ಟಿದೆ, ಇನ್ನೊಂದು ಸಲ ಆಗಲಿ ಅನ್ನಿಸುತ್ತಿದೆ.

ಕಟ್ಟುವ ಮೊದಲು ಚೌಕವನ್ನು ನೆಲದ ಮೇಲೆ ಸುಣ್ಣದ ಗೆರೆಯಲ್ಲಿ ಬರೆದು, ಊರಿನವರೆಲ್ಲ ಒಂದು ದಿನ ಅದರಲ್ಲಿ ಓಡಾಡಿ ನೋಡಲಿ ಎಂಬುದು ಮೇಡಂ ಅವರ ಯೋಚನೆ. ಸುಣ್ಣ, ಹಗ್ಗ ನಾನು ಕೊಟ್ಟೆ. ಸುಮ್ಮನೆ ಕೊಟ್ಟೆ. ಪ್ರಚಾರ ಎಂದು ಹಿಡಿಯಬೇಕು. ಬೆಳಿಗ್ಗೆಯೇ ಬಯಲಿನಲ್ಲಿ ಬಿಳಿ ಗೆರೆಯ ಅಂಗಡಿ, ಬಿಳಿ ಗೆರೆಯ ವಾಚನಾಲಯ, ಬಿಳಿ ಗೆರೆಯ ಜಾರುಬಂಡೆ ಎದ್ದವು. ಬೇಕರಿಯವನು ತನ್ನ ಗೆರೆಯೊಳಗೆ ನಿಜವಾದ ಬನ್ನು ತಂದಿಟ್ಟುಕೊಂಡ. ವಾಚನಾಲಯದ ಚೌಕದೊಳಗೆ ಇಬ್ಬರು ಮುದುಕರು ಸುದ್ದಿಪತ್ರಿಕೆ ಹಿಡಿದು ನಿಂತು, ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಶ್ ಅನ್ನುತ್ತಿದ್ದರು. ಗೆರೆಯನ್ನು ದಾಟಿ ಒಳಗೆ ಬಂದವನೊಬ್ಬನಿಗೆ ಔಷಧದಂಗಡಿಯವರು, "ಸ್ವಾಮಿ, ಗೋಡೆ ಮೇಲೆ ನಡೀತಿದ್ದೀರಿ, ಬಾಗಿಲು ಆ ಕಡೆ" ಅಂದರು. ಅವನು ಕ್ಷಮಿಸಿ ಎಂದು ಹಿಂದೆ ಹೋಗಿ ಬಾಗಿಲಿನಿಂದ ಬಂದ. ಬಾಗಿಲು ತೆರೆಯುವ ಹಾಗೆ ಕೈಯಾಡಿಸಿದ ಕೂಡ.

ತೊಂದರೆಯೆಂದರೆ, ಬಸ್ ನಿಲ್ದಾಣದ ಕಡೆಯಿಂದ ಜನ ಬರುವುದಕ್ಕೆ ದಾರಿ ಎಲ್ಲಿದೆ? ಗೋಡೆ ಇದ್ದಲ್ಲೇ ಇದೆ. ಒಡೆಯುವುದಕ್ಕೆ ಇನ್ನೂ ಆದೇಶ ಬಂದಿಲ್ಲ. ಬಸ್ಸಿಳಿದವರು ಗೋದಾಮಿನ ಓಣಿಯ ಕಡೆ ಮುಖ ಮಾಡಿ, ದೂರ ನೋಡಿ, ಬೇಡವೆಂದು ಮನೆಯ ಕಡೆ ತಿರುಗುತ್ತಿದ್ದರು. ಆಗ ಗೋಡೆಯಾಚೆ ಚಿಲಕ ತೆಗೆದ ಸದ್ದಾಯಿತು. ಅವನು ಹಿಂದಿನ ಬಾಗಿಲು ತೆರೆದಿದ್ದ. ಜನ ಅವನ ಅಂಗಡಿಯೊಳಗೆ ನುಗ್ಗಿ, ಚಪ್ಪಲಿ ಸಾಲುಗಳ ನಡುವೆ ಹಾದು ಬಯಲಿಗೆ ಹೋಗತೊಡಗಿದರು. ಹೋಗುವವರು ಚಪ್ಪಲಿಯ ಮೇಲೊಂದು ಕಣ್ಣು ಹಾಯಿಸಿ ಹೋಗುತ್ತಿದ್ದರು.

ಇದನ್ನು ನೋಡಿಕೊಂಡು ಕೂರುವವನು ನಾನಲ್ಲ. ಪೈಪುಗಳನ್ನು ಸರಿಸಿ ನನ್ನ ಹಿಂದಿನ ಬಾಗಿಲನ್ನೂ ತೆರೆದೆ. ಬನ್ನಿ, ಬನ್ನಿ, ಚೌಕಕ್ಕೆ ಹತ್ತಿರದ ದಾರಿ ಎಂದು ಕೂಗಿದೆ. ತಳ್ಳುಗಾಡಿಯ ಕಾಲದ ಗಂಟಲು ಎಲ್ಲೂ ಹೋಗಿರಲಿಲ್ಲ. ಜನ ನನ್ನ ಕಡೆಗೂ ಹರಿದರು. ಸ್ವಲ್ಪ ಹೊತ್ತಿನಲ್ಲೇ ಹೋಗುವವರೂ ಬರುವವರೂ ಎರಡೂ ಕಡೆ ಡಿಕ್ಕಿ. ಒಬ್ಬ ದಪ್ಪ ಮನುಷ್ಯ ನನ್ನ ಬಕೆಟ್ಟುಗಳ ನಡುವೆ ಸಿಕ್ಕಿಕೊಂಡು ಮುಂದಕ್ಕೂ ಹೋಗಲಾರ, ಹಿಂದಕ್ಕೂ ಬರಲಾರ. ಅಧ್ಯಕ್ಷರು ಬಾಗಿಲಲ್ಲಿ ನಿಂತು ಮುಂದೆ ಹೋಗಿ, ಮುಂದೆ ಹೋಗಿ ಅನ್ನುತ್ತಿದ್ದರು. ಅವರು ಹುಟ್ಟಿದ್ದೇ ಈ ದಿನಕ್ಕಾಗಿ.

ಆಗ ಗೋಡೆಯ ಆ ಕಡೆಯಿಂದ ಕೂಗು ಬಂತು.

"ಅಣ್ಣಾ, ಬರೋರನ್ನ ನನ್ನ ಕಡೆ ಬಿಡು, ಹೋಗೋರನ್ನ ನೀನು ಹಿಡ್ಕೋ. ಇಲ್ಲಾಂದ್ರೆ ಇಬ್ಬರ ಅಂಗಡೀನೂ ಮುರೀತಾರೆ."

"ಆಯ್ತೋ. ಆ ದಪ್ಪಗಿರೋರನ್ನ ಏನ್ ಮಾಡ್ಲಿ?"

"ಬಕೆಟ್ಟು ಸಮೇತ ಕಳ್ಸು."

ಆಮೇಲೆ ಸರಾಗವಾಯಿತು. ಹೋಗುವವರು ನನ್ನ ಕಡೆ, ಬರುವವರು ಅವನ ಕಡೆ, ಗಾಣದ ಹಾಗೆ ಸುತ್ತಿದರು. ಕೆಲವರು ಚೌಕಕ್ಕೆ ಹೋಗುವ ನೆಪವನ್ನೂ ಬಿಟ್ಟು, ಬರೀ ಸುತ್ತುವ ಖುಷಿಗೇ ಸುತ್ತುತ್ತಿದ್ದರು. ಮೊಳೆ ಎಷ್ಟು ಮಾರಿದೆ ಎಂದು ನೋಡಲು ಮರೆತೆ. ಕಳವಾಗಿದೆಯೇ ಎಂದೂ ನೋಡಲಿಲ್ಲ. ಸಂಚಾರ ವ್ಯವಸ್ಥೆಗೆ ಸಂಬಂಧಪಟ್ಟ ಮಾತಾದ್ದರಿಂದ ಆಚೆಯವನ ಜೊತೆ ಆಡಿದ್ದನ್ನು ಮಾತಾಡಿದ್ದೆಂದು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಒಂದು ವಿಷಯ ಮಾತ್ರ. ಬಯಲಿನಲ್ಲಿ ಸುಣ್ಣದ ಗೆರೆಯ ಬೆಂಚುಗಳೂ ಇದ್ದವಲ್ಲ. ನಡೆದು ಸುಸ್ತಾದ ಜನ ಆ ಗೆರೆಗಳ ಮೇಲೇ, ಬರೀ ನೆಲದಲ್ಲಿ, ಸಾಲಾಗಿ ಕೂತಿದ್ದರು. ಪಕ್ಕದವರಿಗೆ ಸರಿದು ಜಾಗ ಕೊಡುತ್ತಿದ್ದರು, ಇಲ್ಲದ ಬೆಂಚಿನ ಮೇಲೆ. ಬಟ್ಟೆಯೆಲ್ಲ ಬೆಳ್ಳಗೆ ಮಾಡಿಕೊಂಡು ಎದ್ದರು. ಎದ್ದವರು ನನ್ನ ಅಂಗಡಿಗೇ ಬಂದು ಬ್ರಷ್ಷು ಕೊಂಡರು. ಹಾಗೆ ನೋಡಿದರೆ ಕೂತವರೂ ಕೊಳ್ಳುತ್ತಾರೆ.

ಮಾರ್ಚ್ 31, ಸೋಮವಾರ

ಗೋಡೆ ಬಿತ್ತು.

ಗಾರೆಯವನು ಸುತ್ತಿಗೆ ಹಿಡಿದು ಯಾವ ಕಡೆಯಿಂದ ಶುರು ಮಾಡಲಿ ಎಂದು ಕೇಳಿದ. ನಾನು ಈ ಕಡೆಯಿಂದ ಅಂದೆ. ಆ ಕಡೆಯಿಂದಲೂ ಅದೇ ಉತ್ತರ ಬಂತು. ಅವನು ತಲೆ ಕೆರೆದುಕೊಂಡು ಇನ್ನೊಬ್ಬನನ್ನು ಕರೆಸಿದ. ಎರಡೂ ಕಡೆಯಿಂದ ಹೊಡೆದರು. ಕಟ್ಟುವಾಗ ಸಿಮೆಂಟಿನಲ್ಲಿ ಜಿಪುಣತನ ಮಾಡಿದ್ದೆವು, ಇಬ್ಬರೂ ಗುಟ್ಟಾಗಿ. ಅದಕ್ಕೇ ಬೇಗ ಬಿತ್ತು.

ಮೊದಲ ಇಟ್ಟಿಗೆ ಹೋಗಿ ಒಂದು ಕಿಂಡಿಯಾದ ಕೂಡಲೇ ಆಚೆಯಿಂದ ಅವನ ಹೆಂಡತಿ ಕೈಚಾಚಿ ನನ್ನಾಕೆಗೆ ಚಹಾ ಲೋಟ ಕೊಟ್ಟಳು. ಇಬ್ಬರೂ ಹೊಸ ಕಿಟಕಿ ಬಂದ ಹಾಗೆ ಅಲ್ಲೇ ನಿಂತು ಹರಟತೊಡಗಿದರು. ಗಾರೆಯವನು ಸುತ್ತಿಗೆ ಎತ್ತಿ ಹಿಡಿದುಕೊಂಡೇ ಕಾಯಬೇಕಾಯಿತು.

ಒರಗಲು ಗೋಡೆ ಇಲ್ಲದೆ ಎರಡು ಅರ್ಧ ಬೆಂಚುಗಳೂ ಬಿದ್ದವು. ನನ್ನದು ಆ ಕಡೆಗೆ, ಅವನದು ಈ ಕಡೆಗೆ, ತಲೆಗೆ ತಲೆ ಹಚ್ಚಿಕೊಂಡು. ನನ್ನ ಅರ್ಧದ ತುಂಬ ಬಣ್ಣದ ಡಬ್ಬದ ವೃತ್ತಗಳು, ಹಳದಿ, ನೀಲಿ, ಕೆಂಪು. ಅವನ ಅರ್ಧ ಹೊಳೆಯುತ್ತಿತ್ತು. ಆ ಮನುಷ್ಯ ಚಪ್ಪಲಿಗೆ ಹಚ್ಚುವ ಪಾಲಿಶನ್ನು ಅದಕ್ಕೂ ಹಚ್ಚುತ್ತಿದ್ದನಂತೆ.

ಗೋಡೆಯೇ ಇಲ್ಲದ ಮೇಲೆ ಗೋಡೆಯಾಚೆಯವನು ಎಂದು ಬರೆಯುವುದು ಲೆಕ್ಕಕ್ಕೆ ತಪ್ಪು. ಸದ್ಯಕ್ಕೆ ಎದುರಿನವನು ಎಂದಿರಲಿ.

ಏಪ್ರಿಲ್ 4, ಶುಕ್ರವಾರ

ಎದುರಿನವನು ಇವತ್ತು ಮೂರು ಸಲ ಸೀನಿದ. ಧೂಳು. ಒಂದು ಮುಖವಸ್ತ್ರ ಕಳಿಸಿದೆ. ಅವನಿಗೆ ಕಾಯಿಲೆಯಾದರೆ ದಾರಿಯ ಕೆಲಸ ನಿಲ್ಲುತ್ತದೆ.

ಏಪ್ರಿಲ್ 9, ಬುಧವಾರ

ಸಮಿತಿ ಸಭೆ. ಚೌಕದಲ್ಲಿ ಬೆಂಚು ಕಡಿಮೆ ಮಾಡೋಣ, ಜಾಗ ಹಾಳು ಎಂದು ಬೇಕರಿಯವನು ಎದ್ದು ಭಾಷಣ ಶುರು ಮಾಡಿದ. ನಾನು ಸುಮ್ಮನಿರಲಿಲ್ಲ. ಕೂರುವುದಕ್ಕೆ ಜಾಗ ಇಲ್ಲದ ಚೌಕ ಬರೀ ಅಗಲವಾದ ರಸ್ತೆ ಎಂದು ಹೇಳಿದೆ. ಒಳ್ಳೆಯ ಮಾತು, ಎಲ್ಲಿಂದ ಬಾಯಿಗೆ ಬಂತೋ. ಎದುರಿನವನು ಫ್ಯಾನನ್ನು ನೋಡುತ್ತಾ ಕೆಮ್ಮಿದ. ಅವನಿಗೆ ಧೂಳಿನ ಕಾಟ ಇನ್ನೂ ಹೋಗಿಲ್ಲ.

ಏಪ್ರಿಲ್ 13, ಭಾನುವಾರ

ದಾರಿ ತೆರೆಯಿತು. ಚೌಕ ಇನ್ನೂ ಸುಣ್ಣದ ಗೆರೆಯಲ್ಲೇ ಇದೆ, ಗೆರೆಯೂ ಅರ್ಧ ಅಳಿಸಿದೆ. ಆದರೂ ಜನ ಬೆಳಗಿನಿಂದ ನಡೆಯುತ್ತಲೇ ಇದ್ದಾರೆ. ನಕ್ಷೆ ನೋಡಿ ಹೀಗೇ ಆಗುತ್ತದೆ ಎಂದು ನಾನು ಮೊದಲೇ ಹೇಳಿದ್ದೆ. ಹೇಳಿದ್ದೇನೆಯೇ ಎಂದು ಹಿಂದಿನ ಪುಟ ತಿರುಗಿಸಿದೆ. ಹೇಳಿಲ್ಲ. ಈಗ ಹೇಳಿದ ಹಾಗಾಯಿತು.

ಬಡಗಿ ಬೆಂಚನ್ನು ಕೂಡಿಸಿದ. ಕಬ್ಬಿಣದ ಪಟ್ಟಿ, ತಿರುಪು ನನ್ನ ಅಂಗಡಿಯದು, ಪಾಲಿಶ್ ತಮ್ಮನದು. ಎಲ್ಲಿ ಇಡುವುದೆಂದು ಚರ್ಚೆ ಬರಲಿಲ್ಲ. ದಾರಿಯ ಬಾಯಿಯಲ್ಲಿ, ಬಸ್ಸಿಳಿದವರಿಗೆ ಕಾಣುವ ಹಾಗೆ, ಮೊದಲಿದ್ದ ಜಾಗದಲ್ಲೇ. ಬೆಂಚು ಭಾರ. ಎತ್ತಲು ಬೇರೆಯವರನ್ನು ಕರೆಯೋಣ ಅಂದೆ. ತಮ್ಮ ಆಗಲೇ ತೋಳು ಮಡಚಿದ್ದ. ಅವನು ತಳ್ಳಿದ, ನಾನು ಎಡಕ್ಕೆ, ಬಲಕ್ಕೆ, ಜನ ದಾರಿ ಬಿಡಿ ಎಂದು ಕೂಗಿದೆ. ನನ್ನಾಕೆ ಬಾಗಿಲಲ್ಲಿ ನಿಂತು ಓರಗಿತ್ತಿಗೆ ಏನೋ ಹೇಳಿದಳು, ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡರು. ನಗುವಂಥದ್ದು ಏನಿತ್ತೋ.

ಸಾಯಂಕಾಲ ಗಿರಾಕಿ ಕಡಿಮೆಯಾದಾಗ ಗಟ್ಟಿಯಾಗಿದೆಯೇ ನೋಡೋಣವೆಂದು ಕೂತೆ. ತಮ್ಮನೂ ಆ ತುದಿಯಲ್ಲಿ ಕೂತ. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಬೆಂಚಿನಲ್ಲೊಂದು ದೋಷವಿದೆ. ಪಾಲಿಶ್ ಹಚ್ಚಲು ಎಳೆದೆಳೆದು ಹನ್ನೆರಡು ವರ್ಷದಲ್ಲಿ ಅವನ ಕಡೆಯ ಕಾಲು ತಳದಲ್ಲಿ ಸವೆದಿದೆ, ನನ್ನ ಕಡೆಯದು ಬಣ್ಣದ ಡಬ್ಬದ ಕೆಳಗೆ ಅಲುಗಾಡದೆ ಹಾಗೇ ಉಳಿದಿದೆ. ನನ್ನ ಕಡೆ ಎತ್ತರ, ಅವನ ಕಡೆ ತಗ್ಗು. ಕೂತರೆ ಮೆಲ್ಲಗೆ ಅವನ ಕಡೆಗೇ ಜಾರುತ್ತೇನೆ. ಎಷ್ಟು ಹಿಂದೆ ಸರಿದರೂ ಮತ್ತೆ ಭುಜಕ್ಕೆ ಭುಜ.

"ನಿನ್ನ ಕಾಲು ಸ್ವಲ್ಪ ಕೊಯ್ಯಿಸ್ಬೇಕು ಅಣ್ಣಾ," ಅಂದ.

ಹೌದು, ಕೊಯ್ಯಿಸಬೇಕು. ನಾಳೆ ಬಡಗಿಗೆ ಹೇಳಬೇಕು. ನಾಳೆ ಸೋಮವಾರ, ವ್ಯಾಪಾರ ಜಾಸ್ತಿ. ಮುಂದಿನ ವಾರ ನೋಡೋಣ.